ಗಿಡದ ಗಾಯಕ್ಕೆ ಮುಲಾಮು ಬೇಕೆ?

ನಮ್ಮ ಸವದತ್ತಿ, ಬೈಲಹೊಂಗಲ ಕಡೆಯ ಶಾಲೆಗಳ ಅಂಗಳದಲ್ಲಿ ಒಂದು ಗಿಡವನ್ನು ನೀವು ನೋಡಿಯೇ ಇರುತ್ತೀರಿ. ಇಸ್ತ್ರಿ ಮಾಡಿ ನಿಲ್ಲಿಸಿದಂಥ ಚಪ್ಪಟೆ ಎಸಳುಗಳು. ಹತ್ತಿರದಿಂದ ನೋಡಿದರೆ ಮೀನಿನ ಮೈಯಂತೆ ಹುರುಪೆ ಹುರುಪೆ. ಬೆರಳಿನಲ್ಲಿ ತಿಕ್ಕಿದರೆ ಟರ್ಪೆಂಟೈನ್ ಎಣ್ಣೆಯನ್ನು ನೆನಪಿಸುವ ವಾಸನೆ. ಮಕ್ಕಳು ಅದನ್ನು ವಿದ್ಯಾ ಗಿಡ ಎನ್ನುತ್ತಾರೆ. ಒಂದು ಎಸಳನ್ನು ಪುಸ್ತಕದ ನಡುವೆ ಇಟ್ಟುಕೊಂಡರೆ ವಿದ್ಯೆ ತಲೆಗೆ ಹತ್ತುತ್ತದೆ ಎಂದು ನಂಬಿಕೆ. ಪರೀಕ್ಷೆ ಹತ್ತಿರ ಬಂದಂತೆ ಗಿಡ ಕೆಳಗಿನಿಂದ ಬೋಳಾಗುತ್ತ ಹೋಗುತ್ತದೆ. ಮೇಲಿನ ಭಾಗ ಉಳಿದಿರುವುದು ಮಕ್ಕಳ ಕೈಗೆ ಎಟುಕುವುದಿಲ್ಲ ಎಂಬ ಒಂದೇ ಕಾರಣಕ್ಕೆ!

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ಲಾಟಿಕ್ಲೇಡಸ್ ಓರಿಯೆಂಟಾಲಿಸ್. ಹಿಂದೆ ಥೂಜಾ ಕುಲಕ್ಕೆ ಸೇರಿತ್ತು, ನರ್ಸರಿಯವರು ಈಗಲೂ ಥೂಜಾ ಎಂದೇ ಮಾರುತ್ತಾರೆ. ಇದು ಹೂ ಬಿಡುವ ಗಿಡವಲ್ಲ. ಬೀಜಗಳು ಹಣ್ಣಿನೊಳಗೆ ಅಡಗಿರದೆ ಪುಟ್ಟ ಶಂಕುವಿನ ಪದರಗಳ ನಡುವೆ ಬರಿಮೈಯಲ್ಲಿ ಕುಳಿತಿರುತ್ತವೆ. ಪೈನ್, ದೇವದಾರು, ಸೈಪ್ರೆಸ್, ಜೂನಿಪರ್ ಎಲ್ಲ ಇದರ ಬಳಗ. ಇವನ್ನು ಶಂಕುಧಾರಿಗಳು ಎನ್ನುತ್ತಾರೆ. ಹತ್ತನೆಯ ತರಗತಿಯವರಿಗೆ ಅನಾವೃತಬೀಜ ಸಸ್ಯ ಎಂಬ ಹೆಸರು ಗೊತ್ತಿರಬೇಕು.

ಈ ಬಳಗದ ಬಗ್ಗೆ ಈ ವಾರ ಬರೆಯಲು ಕಾರಣ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ. ಅವಳ ಸೋದರಮಾವ ಬೆಂಗಳೂರಿನಿಂದ ಒಂದು ಜೂನಿಪರ್ ಬೋನ್ಸಾಯ್ ತಂದುಕೊಟ್ಟಿದ್ದಾರೆ. ಅದರ ಒಂದು ಟೊಂಗೆ ತೆಗೆಯಬೇಕಾಗಿದೆ. "ಸರ್, ಕತ್ತರಿಸಿದ ಜಾಗಾಕ್ಕ ಏನ್ ಹಚ್ಚಬೇಕ್ರಿ? ನಮ್ಮಜ್ಜ ಹೆಂಡಿ ಹಚ್ಚು ಅಂತಾನ. ಅಪ್ಪ ಆಯಿಲ್ ಪೇಂಟ್ ಬಡಿ ಅಂತಾರ. ಮಾಮಾ ಹೇಳ್ತಾನ, ಇದಕ್ಕಂತನ ಮುಲಾಮ ಸಿಗತೈತಂತ. ಯಾವ್ದು ಖರೇ?"

ಈ ಪ್ರಶ್ನೆಗೆ ಜಗತ್ತು ಸುಮಾರು ಇನ್ನೂರು ವರ್ಷ ತಪ್ಪು ಉತ್ತರ ಹೇಳುತ್ತ ಬಂದಿತ್ತು.

ಮೊದಲು ಅಜ್ಜನ ಹೆಂಡಿಯನ್ನೇ ತೆಗೆದುಕೊಳ್ಳೋಣ. ಇದು ನಮ್ಮ ಹಳ್ಳಿಯ ಉಪಾಯ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನ ತೋಟಗಳ ಮೇಲ್ವಿಚಾರಕ ವಿಲಿಯಂ ಫೋರ್ಸೈತ್ ಎಂಬಾತ 1791ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಮರದ ಗಾಯಗಳಿಗೆ ತಾನು ಕಂಡುಹಿಡಿದ ಲೇಪನದ ವಿವರ ಅದರಲ್ಲಿತ್ತು. ಸಾಮಗ್ರಿ ಏನೆಂದು ಕೇಳಿದರೆ ನಮ್ಮ ಅಜ್ಜಂದಿರಿಗೆ ನಗು ಬಂದೀತು: ಹಸಿ ಸೆಗಣಿ, ಹಳೆಯ ಕಟ್ಟಡದ ಸುಣ್ಣದ ಗಾರೆ, ಕಟ್ಟಿಗೆಯ ಬೂದಿ, ಒಂದಿಷ್ಟು ಮರಳು. ಆಗ ಇಂಗ್ಲೆಂಡಿಗೆ ಯುದ್ಧದ ಹಡಗು ಕಟ್ಟಲು ಗಟ್ಟಿಯಾದ ಓಕ್ ಮರ ಬೇಕಾಗಿತ್ತು. ಟೊಳ್ಳಾದ ಮರವನ್ನೂ ಈ ಲೇಪನ ಗಟ್ಟಿ ಮಾಡುತ್ತದೆ ಎಂದು ಫೋರ್ಸೈತ್ ಹೇಳಿಕೊಂಡ. ಪಾರ್ಲಿಮೆಂಟು ಅವನಿಗೆ 1500 ಪೌಂಡ್ ಬಹುಮಾನ ಕೊಟ್ಟಿತು. ತೋಟಗಾರಿಕೆಯ ಇನ್ನೊಬ್ಬ ಪಂಡಿತ ಥಾಮಸ್ ಆಂಡ್ರ್ಯೂ ನೈಟ್ ಇದೆಲ್ಲ ಸುಳ್ಳು ಎಂದು ವಾದಿಸಿದ. ಆದರೂ ಗಾಯಕ್ಕೆ ಏನನ್ನಾದರೂ ಹಚ್ಚುವ ಅಭ್ಯಾಸ ನಿಲ್ಲಲಿಲ್ಲ. ಸೆಗಣಿ ಹೋಗಿ ಡಾಂಬರು ಬಂತು, ಡಾಂಬರು ಹೋಗಿ ಬಣ್ಣ ಬಂತು. ಗಾಯ ಕಂಡಲ್ಲಿ ಕೈ ಸುಮ್ಮನಿರುವುದಿಲ್ಲ, ಅದು ಮನುಷ್ಯನ ಗುಣ.

ಈ ಮಾತನ್ನು ಮರವನ್ನೇ ಸೀಳಿ ನೋಡಿ ಪರೀಕ್ಷಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006). ಅವರಿಗಿಂತ ಮೊದಲು ಮರದ ಕೊಳೆತವನ್ನು ಅಭ್ಯಾಸ ಮಾಡುವವರು ಬೊಡ್ಡೆಯನ್ನು ಅಡ್ಡಕ್ಕೆ ಕೊಯ್ದು ನೋಡುತ್ತಿದ್ದರು. ಯಂತ್ರದ ಗರಗಸ ಕೈಗೆ ಬಂದದ್ದೇ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿದರು. ಬದನೆಕಾಯಿಯನ್ನು ಉದ್ದಕ್ಕೆ ಹೆಚ್ಚಿದರೆ ಹುಳ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ದಾರಿಯೇ ಕಾಣುತ್ತದಲ್ಲ, ಹಾಗೆ. ಅವರು ಕಂಡದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಗಿಡದ ಗಾಯ ಮಾಯುವುದಿಲ್ಲ.

ನೀವು ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡರೆ, ಸತ್ತ ಜೀವಕೋಶಗಳ ಜಾಗದಲ್ಲಿಯೇ ಹೊಸ ಜೀವಕೋಶಗಳು ಹುಟ್ಟುತ್ತವೆ. ಹದಿನೈದು ದಿನಕ್ಕೆ ಹಳೆಯ ಚರ್ಮ ಹೋಗಿ ಹೊಸ ಚರ್ಮ ಬಂದಿರುತ್ತದೆ. ಗಿಡಕ್ಕೆ ಈ ಶಕ್ತಿ ಇಲ್ಲ. ಅದರ ಕಟ್ಟಿಗೆಯ ಬಹುಭಾಗ ಬೆಳೆದ ಕೆಲವೇ ದಿನಗಳಲ್ಲಿ ಸತ್ತು ಬರೀ ಕೊಳವೆಯಾಗಿ ನಿಂತಿರುತ್ತದೆ. ಬೆಳೆಯುವುದು ತೊಗಟೆಯ ಕೆಳಗಿರುವ ಕ್ಯಾಂಬಿಯಂ ಎಂಬ ಕಾಗದದಷ್ಟು ತೆಳ್ಳಗಿನ ಪದರ ಮಾತ್ರ. ಅದು ವರ್ಷ ವರ್ಷ ಹಳೆಯದರ ಮೇಲೆ ಹೊಸ ಕಟ್ಟಿಗೆಯ ಅಂಗಿ ತೊಡಿಸುತ್ತದೆ. ಒಳಗಿನ ಅಂಗಿ ಹರಿದರೆ ಹೊಲಿಯುವವರು ಯಾರೂ ಇಲ್ಲ.

ಹಾಗಾದರೆ ಗಿಡ ಏನು ಮಾಡುತ್ತದೆ? ಒಂದು ಕೋಣೆಗೆ ಗೆದ್ದಲು ಹತ್ತಿತು ಅನ್ನಿ. ಕೋಣೆಯನ್ನು ರಿಪೇರಿ ಮಾಡುವ ಬದಲು ಅದರ ಬಾಗಿಲು, ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ, ಹೊರಗೆ ಹೊಸ ಕೋಣೆ ಕಟ್ಟಿಕೊಂಡು ಸಂಸಾರ ನಡೆಸಿದ ಹಾಗೆ. ಶೈಗೊ ಮತ್ತು ಅವರ ಜೊತೆಗಾರ ಹೆರಾಲ್ಡ್ ಮಾರ್ಕ್ಸ್ 1977ರಲ್ಲಿ ಇಂಥ ನಾಲ್ಕು ಗೋಡೆಗಳನ್ನು ವಿವರಿಸಿದರು. ಮೊದಲನೆಯದು ಮೇಲೆ ಕೆಳಗೆ ಹೋಗುವ ಕೊಳವೆಗಳಿಗೆ ಬೆಣೆ ಬಡಿಯುವುದು, ಇದು ಬಹಳ ದುರ್ಬಲ. ಎರಡನೆಯದು ಒಳಗಡೆ ತಿರುಳಿನತ್ತ, ಮೂರನೆಯದು ಅಕ್ಕಪಕ್ಕಕ್ಕೆ. ಈ ಮೂರೂ ಗಾಯವಾಗುವ ಮೊದಲೇ ಇದ್ದ ಕಟ್ಟಿಗೆಯಲ್ಲಿಯ ಏರ್ಪಾಡುಗಳು. ನಾಲ್ಕನೆಯದು ಮಾತ್ರ ಹೊಸದು. ಗಾಯವಾದ ಮೇಲೆ ಕ್ಯಾಂಬಿಯಂ ಕಟ್ಟುವ ಈ ಗೋಡೆಯೇ ಎಲ್ಲಕ್ಕಿಂತ ಗಟ್ಟಿ. ಅದರ ಒಳಗಿನದು ಕೊಳೆತು ಪೊಟರೆಯಾದರೂ ಹೊರಗಿನ ಹೊಸ ಕಟ್ಟಿಗೆ ಸುರಕ್ಷಿತ. ಒಳಗೆ ಹುಡುಗರು ಅಡಗಿಕೊಳ್ಳುವಷ್ಟು ಟೊಳ್ಳಾದ ಹುಣಸೆಮರ ಪ್ರತಿ ವರ್ಷ ಬುಟ್ಟಿಗಟ್ಟಲೆ ಕಾಯಿ ಬಿಡುವುದು ಹೇಗೆ ಎಂದು ಕೇಳುತ್ತೀರಲ್ಲ, ಉತ್ತರ ಇದೇ.

ಇನ್ನು ಮುಲಾಮಿನ ವಿಚಾರ. ಶೈಗೊ ಮತ್ತು ಸಂಗಡಿಗರು ಗಾಯಕ್ಕೆ ಹಚ್ಚುವ ಲೇಪನಗಳನ್ನು 13 ವರ್ಷ ಪರೀಕ್ಷಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೇಪನ ಹಚ್ಚಿದ ಗಾಯ, ಹಚ್ಚದೆ ಬಿಟ್ಟ ಗಾಯ ಎರಡನ್ನೂ ಸೀಳಿ ನೋಡಿದರೆ ಕೊಳೆಯುವಿಕೆಯನ್ನು ಯಾವ ಲೇಪನವೂ ತಡೆದಿರಲಿಲ್ಲ. ಕಾರಣ ಕಷ್ಟದ್ದೇನಲ್ಲ. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿಯೇ ಇವೆ, ಗರಗಸದ ಹಲ್ಲಿನಲ್ಲಿಯೂ ಇವೆ. ನಾವು ಡಬ್ಬಿಯ ಮುಚ್ಚಳ ತೆಗೆಯುವುದರೊಳಗೆ ಅವು ಗಾಯಕ್ಕೆ ಬಂದು ಕುಳಿತಿರುತ್ತವೆ. ಮೇಲೆ ಬಣ್ಣ ಬಳಿದರೆ ಅವನ್ನು ತಂಪಾದ, ತೇವದ ಕತ್ತಲೆ ಕೋಣೆಯಲ್ಲಿ ಬೆಚ್ಚಗೆ ಮಲಗಿಸಿದಂತಾಯಿತು. ಬಿಸಿಲಿಗೆ ಬಣ್ಣ ಬಿರಿದ ಮೇಲೆ ಬಿರುಕಿನಲ್ಲಿ ನೀರು ಬೇರೆ ನಿಲ್ಲುತ್ತದೆ. ಸೆಗಣಿಯೂ ಅಷ್ಟೇ. ನೆಲ ಸಾರಿಸಲು, ಗೊಬ್ಬರಕ್ಕೆ ಅದು ಒಳ್ಳೆಯದು. ಆದರೆ ಅದರೊಳಗೇ ಶಿಲೀಂಧ್ರಗಳು ವಾಸವಾಗಿರುತ್ತವೆ. ರಸ್ತೆ ಬದಿಯ ಮರಗಳಿಗೆ ಬಳಿಯುವ ಸುಣ್ಣ, ಕೆಮ್ಮಣ್ಣಿನ ಪಟ್ಟಿ ರಾತ್ರಿ ಗಾಡಿಯವರಿಗೆ ಮರ ಕಾಣಲೆಂದು ಇರುವುದು. ಅದನ್ನು ಔಷಧಿ ಎಂದು ತಿಳಿಯಬೇಡಿ.

ಇಲ್ಲಿ ರೈತ ಪಾಲಕರಿಗೆ ಒಂದು ಮಾತು ಹೇಳಲೇಬೇಕು. ಇಲ್ಲದಿದ್ದರೆ ನಾಳೆ ಮಗ ಮನೆಗೆ ಹೋಗಿ "ಮಾಸ್ತರು ಬೋರ್ಡೋ ಹಚ್ಚಬ್ಯಾಡ ಅಂದಾರ" ಎಂದರೆ ನನ್ನ ಮೇಲೆ ಬರುತ್ತದೆ! ದ್ರಾಕ್ಷಿ ಚಾಟ್ನಿ ಮಾಡಿದ ಮೇಲೆ, ದಾಳಿಂಬೆ ಸವರಿದ ಮೇಲೆ ಹಚ್ಚುವ ಬೋರ್ಡೋ ಮುಲಾಮು ಬೇರೆ ಲೆಕ್ಕ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು ಸೇರಿಸಿ ಮಾಡುವ ಆ ಲೇಪನ ಗಾಯವನ್ನು ಮಾಯಿಸುವುದಿಲ್ಲ. ಆ ತೋಟದಲ್ಲಿ ಕಾದು ಕುಳಿತಿರುವ ಗೊತ್ತಾದ ರೋಗವೊಂದನ್ನು ತಾಮ್ರದ ವಿಷ ತಡೆಯುತ್ತದೆ. ರೋಗ ಯಾವುದೆಂದು ಗೊತ್ತಿದ್ದಾಗ ಅದಕ್ಕೆ ತಕ್ಕ ಔಷಧಿ ಹಾಕುವುದು ವಿಜ್ಞಾನವೇ. ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆಯವರು ಹೇಳಿದ್ದನ್ನು ಬಿಡಬೇಡಿ.

ಈಗ ಹುಡುಗಿಯ ಜೂನಿಪರ್‌ಗೆ ಬರೋಣ. ಅಂಗಳದ ಬೇವಿನ ಮರಕ್ಕೂ ಕುಂಡದ ಬೋನ್ಸಾಯ್‌ಗೂ ಒಂದು ವ್ಯತ್ಯಾಸವಿದೆ. ಬೇವಿಗೆ ಆಳದ ಬೇರು, ಸಾವಿರಾರು ಎಲೆ. ಕುಂಡದ ಗಿಡದ್ದು ಬಡ ಸಂಸಾರ. ಅದರ ಕಾಂಡವೇ ಹೆಬ್ಬೆರಳು ಗಾತ್ರ ಇರುವಾಗ, ಬಳಪದಷ್ಟು ದಪ್ಪದ ಟೊಂಗೆ ತೆಗೆದರೂ ಅದು ಕಾಂಡದ ಸುತ್ತಳತೆಯ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಗಾಯದ ಅಂಚಿನ ಕ್ಯಾಂಬಿಯಂ ಬಿಸಿಲು, ಗಾಳಿಗೆ ಒಣಗಿ ಹಿಂದೆ ಸರಿದರೆ ಗಾಯ ಇನ್ನಷ್ಟು ಅಗಲವಾಗುತ್ತದೆ. ಜಪಾನಿನ ಬೋನ್ಸಾಯ್ ಮಾಡುವವರು ಮುಲಾಮು ಹಚ್ಚುವುದು ಈ ಅಂಚು ಒಣಗದಿರಲಿ ಎಂದು. ನಡುವಿನ ಕಟ್ಟಿಗೆಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಆದ್ದರಿಂದ ಮಾಮಾ ಹೇಳಿದ್ದು ಅರ್ಧ ಸರಿ. ಹಚ್ಚುವುದಿದ್ದರೆ ಅಂಚಿಗೆ, ಉಂಗುರದ ಹಾಗೆ, ತೆಳ್ಳಗೆ. ದುಬಾರಿ ಡಬ್ಬಿ ಸಿಗದಿದ್ದರೆ ವ್ಯಾಸಲೀನ್ ಒಂದು ಎಳೆ ಸಾಕು. ಹಚ್ಚದೆ ಬಿಟ್ಟರೂ ಗಿಡ ಅದರಿಂದ ಸಾಯುವುದಿಲ್ಲ.

ಶಂಕುಧಾರಿಗಳಿಗೆ ಸ್ವಂತ ಮುಲಾಮೇ ಇದೆ, ರಾಳ. ಪೈನ್ ಮರದ ಕಟ್ಟಿಗೆಯೊಳಗೆ ರಾಳದ ನಾಳಗಳಿವೆ. ಗಾಯವಾದ ಕೂಡಲೆ ಅಂಟು ಉಕ್ಕಿ ಬರುತ್ತದೆ. ಅದರಲ್ಲಿಯ ಟರ್ಪೆಂಟೈನ್ ಗಾಳಿಗೆ ಹಾರಿಹೋಗಿ, ಉಳಿದದ್ದು ಗಾಜಿನಂತೆ ಗಟ್ಟಿಯಾಗುತ್ತದೆ. ಧಾರವಾಡದ ಪಿಟೀಲು ವಾದಕರು ಕಮಾನಿಗೆ ತಿಕ್ಕುವ ರಾಳದ ಗಟ್ಟಿ ಇಂಥ ಮರದ ಗಾಯದಿಂದಲೇ ಬಂದದ್ದು. ನಮ್ಮ ವಿದ್ಯಾ ಗಿಡ ಮತ್ತು ಜೂನಿಪರ್‌ನ ಕಟ್ಟಿಗೆಯಲ್ಲಿ ಅಂಥ ನಾಳಗಳಿಲ್ಲ, ಅವುಗಳ ರಾಳ ಎಲೆ, ತೊಗಟೆಗಳಲ್ಲಿ ಇರುತ್ತದೆ. ಹಾಗಾಗಿ ಪೈನಿನಂತೆ ಅಂಟು ಸುರಿಯದಿದ್ದರೆ ಗಾಬರಿಯಾಗಬೇಡಿ. ಸುರಿದಿದ್ದರೆ ಒರೆಸಬೇಡಿ.

ಇನ್ನೊಂದು ಗುಣ ಇದಕ್ಕಿಂತ ಮುಖ್ಯವಾದದ್ದು. ಬೇವು, ಹುಣಸೆ, ಆಲ ಇವನ್ನು ಬೋಳಾಗಿ ಕಡಿದರೂ ಹಳೆಯ ಕಟ್ಟಿಗೆಯಿಂದ ಚಿಗುರೊಡೆಯುತ್ತವೆ. ವಿದ್ಯಾ ಗಿಡ, ಜೂನಿಪರ್, ಪೈನ್‌ಗಳು ಎಲೆಯಿಲ್ಲದ ಹಳೆಯ ಟೊಂಗೆಯಿಂದ ಸಾಮಾನ್ಯವಾಗಿ ಚಿಗುರುವುದಿಲ್ಲ. ಹಸಿರನ್ನೆಲ್ಲ ಕಿತ್ತ ಟೊಂಗೆ ಅಲ್ಲಿಗೆ ಮುಗಿಯಿತು. ಶಾಲೆಯ ವಿದ್ಯಾ ಗಿಡದ ಕೆಳಭಾಗ ಒಮ್ಮೆ ಬೋಳಾದ ಮೇಲೆ ಮತ್ತೆ ತುಂಬದಿರುವುದು ಇದಕ್ಕೇ. ಒಂದು ಎಸಳು ಕಿತ್ತರೆ ಏನೂ ಆಗದು. ಆದರೆ ಒಂದು ಶಾಲೆಯಲ್ಲಿ ಮುನ್ನೂರು ಮಕ್ಕಳಿದ್ದಾರೆ, ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ!

ಕ್ರಿಸ್‌ಮಸ್ ಮರವೆಂದು ಕುಂಡದಲ್ಲಿ ಬೆಳೆಸುವ ಅರಕೇರಿಯಾ ಇನ್ನೂ ಹಟಮಾರಿ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಈ ಕುಲದ ಎತ್ತರದ ಮರಗಳಿವೆ, ಪ್ರವಾಸಕ್ಕೆ ಹೋದವರು ನೋಡಿರಬಹುದು. ಅದರ ತುದಿಯನ್ನು ಕತ್ತರಿಸಿ ನೆಟ್ಟರೆ ನೆಟ್ಟಗೆ ಬೆಳೆಯುತ್ತದೆ. ಪಕ್ಕದ ಟೊಂಗೆಯನ್ನು ನೆಟ್ಟರೆ ಬೇರು ಬಿಟ್ಟು ಬದುಕಿದರೂ ಜೀವಮಾನವೆಲ್ಲ ಅಡ್ಡವೇ ಬೆಳೆಯುತ್ತದೆ. ತಾನು ಟೊಂಗೆ ಎಂಬುದನ್ನು ಅದು ಮರೆಯುವುದೇ ಇಲ್ಲ. ಅದರ ತುದಿಗೆ ಕತ್ತರಿ ಇಡುವ ಮೊದಲು ಎರಡು ಸಲ ಯೋಚಿಸಿ.

ಕತ್ತರಿಸಿದ ಮೇಲೆ ಏನು ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ, ಯಾವಾಗ, ಹೇಗೆ ಕತ್ತರಿಸಬೇಕು ಎಂಬುದರಲ್ಲಿಯೇ ಅರ್ಧ ಚಿಕಿತ್ಸೆ ಮುಗಿದಿರುತ್ತದೆ. ಟೊಂಗೆ ಕಾಂಡಕ್ಕೆ ಕೂಡುವಲ್ಲಿ ಅಂಗಿಯ ಕೊರಳಪಟ್ಟಿಯಂತೆ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಸಾಮಾನೆಲ್ಲ ಅಲ್ಲಿಯೇ ಇದೆ. ಅದನ್ನು ಮುಟ್ಟದೆ ಅದರ ಹೊರಗೆ ಕತ್ತರಿಸಿದರೆ ಗಾಯ ಸಣ್ಣದು. ಚೊಕ್ಕ ಕಾಣಲಿ ಎಂದು ಕಾಂಡಕ್ಕೆ ಸಮನಾಗಿ ಕೆರೆದರೆ ಗೋಡೆಯನ್ನೇ ಕೆಡವಿದ ಹಾಗೆ. ಮಾರ್ಚ್, ಏಪ್ರಿಲ್‌ನಲ್ಲಿ ವಿದ್ಯುತ್ ತಂತಿಗೆ ತಾಗುತ್ತದೆಂದು ನಮ್ಮ ಬೇವಿನ ಮರಗಳನ್ನು ಕೊಡಲಿಯಿಂದ ಕಚ್ಚಿ, ಸೀಳಿ, ಮೊಣಕೈಯುದ್ದದ ಮೋಟು ಬಿಡುತ್ತಾರಲ್ಲ, ಅದು ಇನ್ನೊಂದು ತುದಿ. ಆ ಮೋಟಿನ ಮೇಲೆ ತೊಗಟೆ ಹರಿಯಲಾರದು. ಅದು ಕೊಳೆತು ಒಳಗಿನವರೆಗೆ ದಾರಿಯಾಗುತ್ತದೆ.

ಜೂನಿಪರ್ ವಿಷಯದಲ್ಲಿ ಮಾತ್ರ ಬೋನ್ಸಾಯ್‌ನವರು ಬೇಕೆಂದೇ ಸಣ್ಣ ಮೋಟು ಬಿಡುವುದುಂಟು. ಅದರ ಗಾಯ ಮುಚ್ಚುವುದು ಬಹಳ ನಿಧಾನ, ಕಟ್ಟಿಗೆ ಕೊಳೆಯುವುದೂ ನಿಧಾನ. ಆ ಮೋಟಿನ ತೊಗಟೆ ಸುಲಿದು, ಸುಣ್ಣ ಗಂಧಕ ಕುದಿಸಿದ ದ್ರಾವಣ ಸವರಿ, ಬೆಳ್ಳಗೆ ಒಣಗಿದ ಕೊಂಬಿನಂತೆ ಉಳಿಸಿಕೊಳ್ಳುತ್ತಾರೆ. ಜಪಾನಿ ಭಾಷೆಯಲ್ಲಿ ಅದಕ್ಕೆ ಜಿನ್ ಎಂದು ಹೆಸರು. ಮುಚ್ಚಲಾರದ ಗಾಯವನ್ನು ಮುಚ್ಚಿಡದೆ ತೋರಿಸುವ ಈ ರೀತಿ ನನಗೆ ಬಹಳ ಹಿಡಿಸುತ್ತದೆ. ಮೈಸೂರಿನ ಅವಧೂತ ದತ್ತಪೀಠದ ಆವರಣದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ಅಲ್ಲಿಗೆ ಹೋದರೆ ಗಿಡ ಎಷ್ಟು ಗಿಡ್ಡ ಇದೆ ಎಂದು ಮಾತ್ರ ನೋಡಿ ಬರಬೇಡಿ. ಕಾಂಡದ ಮೇಲೆ ಹಳೆಯ ಗಾಯಗಳ ಗುರುತು ಹುಡುಕಿ.

ಸಮಯದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ನಮ್ಮ ಉಗರಗೋಳದ ಏಪ್ರಿಲ್, ಮೇ ಬಿಸಿಲಿನಲ್ಲಿ ಬೇಡ. ಜಿಟಿಜಿಟಿ ಮಳೆಯಲ್ಲಿಯೂ ಬೇಡ. ಮಳೆ ಹಿಂದಾದ ಮೇಲೆ ಅಥವಾ ಚಳಿ ಕಡಿಮೆಯಾಗುವ ಫೆಬ್ರುವರಿಯಲ್ಲಿ, ಮುಂಜಾನೆ. ಕತ್ತರಿ ಹರಿತವಾಗಿರಲಿ, ಸ್ಪಿರಿಟ್‌ನಿಂದ ಒರೆಸಿರಿ. ಒಂದು ಸಲಕ್ಕೆ ಹಸಿರಿನ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಗಾಯದ ತುಟಿ ಬೆಳೆಯಲು ಸಕ್ಕರೆ ಬೇಕು, ಸಕ್ಕರೆ ಬರುವುದು ಮೇಲಿನ ಎಲೆಯಿಂದ. ಕುಂಡ ಬದಲಿಸುವ ಕೆಲಸವನ್ನು ಅದೇ ತಿಂಗಳು ಮಾಡಬೇಡಿ. ಬೇರಿಗೂ ತಲೆಗೂ ಒಟ್ಟಿಗೆ ಕತ್ತರಿ ಹಾಕಿದರೆ ಎಂಥ ಗಿಡವೂ ಸೋಲುತ್ತದೆ.

ಜೂನಿಪರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಅದು ಸತ್ತ ಮೇಲೂ ಕೆಲವು ವಾರ ಹಸಿರಾಗಿಯೇ ಕಾಣುತ್ತದೆ. ಟೀವಿಯ ಪಕ್ಕದಲ್ಲಿಟ್ಟ ಗಿಡ ಚೆನ್ನಾಗಿದೆ ಎಂದು ನೀರು ಹಾಕುತ್ತಲೇ ಇರುತ್ತೇವೆ, ಗಿಡ ಯಾವಾಗಲೋ ಹೋಗಿರುತ್ತದೆ. ಅದಕ್ಕೆ ಅಂಗಳದ ಬೆಳಕು ಬೇಕು. ತುದಿಗಳಲ್ಲಿ ಎಳೆಯ ತಿಳಿಹಸಿರು ಕಾಣುತ್ತಿದ್ದರೆ ಮಾತ್ರ ಕತ್ತರಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ. ಆ ಹುಡುಗಿಗೂ ನಾನು ಹೇಳಿದ್ದು ಇದನ್ನೇ. ಅವಳ ಗಿಡದ ತುದಿಗಳು ಇನ್ನೂ ಮಂಕಾಗಿವೆ.

ಕಲಿಯಲು ಆಸೆ ಇರುವವರು ಜೂನಿಪರ್‌ಗೆ ಹಣ ಸುರಿಯಬೇಡಿ. ಸರ್ವೆ ಗಿಡ ನರ್ಸರಿಯಲ್ಲಿ ಅಗ್ಗವಾಗಿ ಸಿಗುತ್ತದೆ, ನಮ್ಮ ಬಿಸಿಲನ್ನು ತಾಳುತ್ತದೆ, ಕತ್ತರಿಸಿದರೆ ಚಿಗುರುತ್ತದೆ. ನೋಡಲು ಪೈನ್‌ನಂತೆಯೇ ಇದ್ದರೂ ಅದು ಶಂಕುಧಾರಿಯಲ್ಲ, ಹೂ ಬಿಡುವ ಗಿಡ. ಸೂಜಿಯಂತೆ ಕಾಣುವುದು ಎಲೆಯೇ ಅಲ್ಲ, ಹಸಿರು ಕಡ್ಡಿ. ಅದನ್ನು ಗೆಣ್ಣಿನಲ್ಲಿ ಮೆಲ್ಲಗೆ ಎಳೆದು ಬಿಡಿಸಿ ಮಸೂರದಲ್ಲಿ ನೋಡಿದರೆ ಗೆಣ್ಣಿನ ಸುತ್ತ ಚಿಕ್ಕ ಹಲ್ಲುಗಳು ಕಾಣುತ್ತವೆ. ಅವೇ ಅದರ ಎಲೆಗಳು. ಎಷ್ಟಿವೆ ಎಂದು ಎಣಿಸಿರಿ.

ಸರಿಯಾಗಿ ನೋಡಿಕೊಂಡ ಕುಂಡದ ಗಿಡ ಎಷ್ಟು ಕಾಲ ಬದುಕೀತು? ಜಪಾನಿನ ಹಿರೋಶಿಮಾದ ಯಮಾಕಿ ಮನೆತನದಲ್ಲಿ ಒಂದು ಬಿಳಿ ಪೈನ್ ಇತ್ತು. 1625ರಿಂದ ಕುಂಡದಲ್ಲಿ ಬೆಳೆದದ್ದು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಅದು ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ ಗೋಡೆಯ ಮರೆಯಲ್ಲಿತ್ತು, ಉಳಿದುಕೊಂಡಿತು. 1976ರಲ್ಲಿ ಆ ಮನೆಯ ಹಿರಿಯ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೇ ಕಾಣಿಕೆಯಾಗಿ ಕೊಟ್ಟರು. ಬಾಂಬಿನ ಸುದ್ದಿ ಅಲ್ಲಿಯವರಿಗೆ ಸರಿಯಾಗಿ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ಗಿಡವನ್ನು ನೋಡಲು ವಾಷಿಂಗ್ಟನ್‌ಗೆ ಹೋದಾಗ. ಸುಮಾರು ನಾಲ್ಕು ನೂರು ವರ್ಷದಲ್ಲಿ ಎಷ್ಟು ತಲೆಮಾರಿನ ಕೈಗಳು ಅದಕ್ಕೆ ಕತ್ತರಿ ಇಟ್ಟಿರಬೇಕು! ಆ ಗಾಯಗಳೆಲ್ಲ ಅದರೊಳಗೆ, ಗೋಡೆಗಳ ಹಿಂದೆ, ಹಾಗೆಯೇ ಇವೆ.

ಇದನ್ನು ಕಣ್ಣಾರೆ ನೋಡಲು ವಾಷಿಂಗ್ಟನ್‌ವರೆಗೆ ಹೋಗಬೇಕಾಗಿಲ್ಲ. ನಿಮ್ಮೂರಿನ ಬಡಿಗೇರರ ಅಂಗಡಿಗೆ ಈ ಭಾನುವಾರ ಹೋಗಿ, ಬೇವಿನ ಅಥವಾ ಸಾಗವಾನಿಯ ಒಂದು ಹಲಗೆ ತೋರಿಸಲು ಕೇಳಿರಿ. ಹಲಗೆಯಲ್ಲಿ ಕಪ್ಪಗೆ ದುಂಡಗಿರುವ ಗಂಟು ಒಂದು ಕಾಲದ ಟೊಂಗೆ. ಅದರ ಮೇಲೆ ಕೆಳಗೆ ಉದ್ದಕ್ಕೆ ಹರಡಿದ ಕಂದು ಗೆರೆ ಎಲ್ಲಿಗೆ ನಿಂತಿದೆ, ಅದರಾಚೆಯ ಕಟ್ಟಿಗೆಯ ಬಣ್ಣ ಹೇಗಿದೆ ಎಂದು ಪಟ್ಟಿಯಿಂದ ಅಳೆದು ವಹಿಯಲ್ಲಿ ಬರೆದುಕೊಳ್ಳಿ. ವರ್ಷದ ಉಂಗುರಗಳು ಸ್ಪಷ್ಟವಾಗಿದ್ದರೆ ಟೊಂಗೆ ಮುರಿದು ಎಷ್ಟು ವರ್ಷವಾಗಿತ್ತು ಎಂಬುದನ್ನೂ ಎಣಿಸಬಹುದು. ಸಾಗವಾನಿಯಲ್ಲಿ ಉಂಗುರ ಎದ್ದು ಕಾಣುತ್ತದೆ, ಬೇವಿನಲ್ಲಿ ಕಷ್ಟ.